720ಕ್ಕೆ 720: ಪೂರ್ಣ ಅಂಕ ನಮಗೆ ಏನನ್ನು ಹೇಳುತ್ತದೆ?

ನಮ್ಮ ಇಂಟರ್ನ್‌ಶಿಪ್ ದಾಖಲೆ ಪುಸ್ತಕದಲ್ಲಿ ಘಟಕ ಪರೀಕ್ಷೆಯ ಫಲಿತಾಂಶ ವಿಶ್ಲೇಷಣೆಗೆಂದು ಎರಡು ಪುಟಗಳಿವೆ. ಕಡಿಮೆ ಅಂಕ ಪಡೆದವರ ಹೆಸರು, ಅವರು ಎಡವಿದ ಪ್ರಶ್ನೆ, ಎಡವಲು ಕಾರಣ, ಕೈಗೊಂಡ ಪರಿಹಾರ ಬೋಧನೆ, ಮರುಪರೀಕ್ಷೆಯ ಅಂಕ, ಹೀಗೆ ಐದು ಕಾಲಂಗಳನ್ನು ತುಂಬಬೇಕು. ಪೂರ್ಣ ಅಂಕ ಪಡೆದವರಿಗೆ ಒಂದೇ ಸಾಲು. ಅವರ ಸಂಖ್ಯೆ ಎಷ್ಟೆಂದು ಬರೆದರೆ ಕೆಲಸ ಮುಗಿಯಿತು. ಅವರಿಗೆ ಬೇಕಾದದ್ದು ಇನ್ನೇನೂ ಇಲ್ಲ ಎಂಬುದು ಆ ಪುಟದ ನಂಬಿಕೆ.

ಈ ವರ್ಷ ತಾಲ್ಲೂಕು ಕೇಂದ್ರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಒಂಬತ್ತನೇ ತರಗತಿಗೆ ವಿಜ್ಞಾನ ಪಾಠ ಮಾಡಿದೆ. ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಅವರಲ್ಲಿ ಒಬ್ಬ ಹುಡುಗಿ ಮೂರು ಘಟಕ ಪರೀಕ್ಷೆಗಳಲ್ಲೂ 20ಕ್ಕೆ 20 ತೆಗೆದಳು. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ತಂದೆ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ಡಾಕ್ಟರ್ ಆಗಬೇಕೆಂಬುದು ಅವಳ ಆಸೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ 720/720 ಎಂದು ಬರೆದು ಸುತ್ತ ಚೌಕ ಹಾಕಿಕೊಂಡಿದ್ದಳು. ಅದು ನೀಟ್ ಪರೀಕ್ಷೆಯ ಪೂರ್ಣ ಅಂಕ. ಬರೆಯಲು ಇನ್ನೂ ನಾಲ್ಕು ವರ್ಷವಿದ್ದರೂ ಅಂಕ ಮಾತ್ರ ಆಗಲೇ ಗೊತ್ತು.

ಅವಳು ತರಗತಿಯಲ್ಲಿ ಕೈ ಎತ್ತುತ್ತಿದ್ದುದು ಅಪರೂಪ. ಎತ್ತಿದರೆ ಉತ್ತರ ಖಂಡಿತ ಸರಿಯಾಗಿರುತ್ತಿತ್ತು. ಪ್ರಶ್ನೆ ಕೇಳಲು ಎತ್ತಿದ್ದು ಮೊದಲ ಐದು ವಾರಗಳಲ್ಲಿ ಒಂದು ಸಲವೂ ಇಲ್ಲ. ಮಾರ್ಗದರ್ಶಕ ಶಿಕ್ಷಕಿ ಇದನ್ನು ನನಗಿಂತ ಮೊದಲೇ ಗಮನಿಸಿದ್ದರು. "ಅವಳಿಗೆ ಗೊತ್ತಿಲ್ಲದ್ದು ಏನು ಅಂತ ನನಗೂ ಗೊತ್ತಿಲ್ಲಮ್ಮ. ಎರಡು ವರ್ಷದಿಂದ ನೋಡ್ತಿದ್ದೀನಿ, ಅವಳ ಒಂದು ತಪ್ಪೂ ನನಗೆ ಸಿಕ್ಕಿಲ್ಲ" ಎಂದರು. ಆ ಮಾತಿನಲ್ಲಿ ಹೆಮ್ಮೆಯ ಜೊತೆಗೆ ಆತಂಕವೂ ಇತ್ತು. ಮಗು ಎಲ್ಲಿ ಎಡವುತ್ತದೆ ಎಂಬುದರಿಂದಲೇ ತಾನೇ ಅದರ ಆಲೋಚನೆಯ ದಾರಿ ನಮಗೆ ಕಾಣುವುದು? ಎಡವದ ಮಗುವಿನ ದಾರಿ ನಮಗೆ ಕಾಣುವುದೇ ಇಲ್ಲ.

ಅವಳು ಚೌಕ ಹಾಕಿಕೊಂಡಿದ್ದ ಆ ಸಂಖ್ಯೆಯ ಬಗ್ಗೆಯೇ ನಾನು ಯೋಚಿಸತೊಡಗಿದೆ. ನೀಟ್‌ನ ಇತ್ತೀಚಿನ ಇತಿಹಾಸದಲ್ಲಿ ಮೌಲ್ಯಮಾಪನದ ಪಾಠಗಳು ಬೇಕಾದಷ್ಟಿವೆ. 2020ರಲ್ಲಿ ಇಬ್ಬರು 720ಕ್ಕೆ 720 ಪಡೆದರು. ಒಬ್ಬರು ಒಡಿಶಾದ ಹುಡುಗ, ಇನ್ನೊಬ್ಬರು ಉತ್ತರ ಪ್ರದೇಶ ಮೂಲದ ಹುಡುಗಿ. ಮೊದಲ ರ‍್ಯಾಂಕ್ ಒಬ್ಬರಿಗೇ ಕೊಡಬೇಕಿತ್ತು. ವಿಷಯವಾರು ಅಂಕಗಳೂ ಸಮ, ತಪ್ಪು ಉತ್ತರಗಳೂ ಸಮ, ಅಂದರೆ ಸೊನ್ನೆ. ಕೊನೆಗೆ ಆಗಿನ ನಿಯಮದಂತೆ ವಯಸ್ಸಿನಲ್ಲಿ ಹಿರಿಯನಾದ ಹುಡುಗನಿಗೆ ಮೊದಲ ರ‍್ಯಾಂಕ್ ಹೋಯಿತು. ಆ ಇಬ್ಬರ ನಡುವೆ ಪ್ರಶ್ನೆಪತ್ರಿಕೆಗೆ ಹೇಳಲು ಏನೂ ಉಳಿದಿರಲಿಲ್ಲ, ಆದ್ದರಿಂದ ಜನ್ಮದಿನಾಂಕ ಮಾತನಾಡಬೇಕಾಯಿತು.

2024ರ ಕಥೆ ಇನ್ನೂ ದೊಡ್ಡದು. ಮೇ 5ರಂದು ಇಪ್ಪತ್ತಮೂರು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಪರೀಕ್ಷೆ ಬರೆದರು. ಜೂನ್ 4ರಂದು ಫಲಿತಾಂಶ ಬಂದಾಗ 67 ಮಂದಿಗೆ 720 ಬಂದಿತ್ತು. ಕೆಲವರಿಗೆ 719, 718 ಎಂಬ ಅಂಕಗಳೂ ಬಂದಿದ್ದವು. ಮೊದಲು ಅನುಮಾನ ಹುಟ್ಟಿಸಿದ್ದು ಈ ಅಂಕಗಳೇ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಒಂದು ಪ್ರಶ್ನೆ ಬಿಟ್ಟರೆ 716, ಒಂದು ತಪ್ಪಾದರೆ 715. ನಡುವೆ 719ಕ್ಕೂ 718ಕ್ಕೂ ಜಾಗವೇ ಇಲ್ಲ. ಈ ಲೆಕ್ಕವನ್ನು ನಾನು ತರಗತಿಯಲ್ಲಿ ಮಾಡಿಸಿದೆ. ಮಕ್ಕಳು ಐದೇ ನಿಮಿಷದಲ್ಲಿ ಅದನ್ನು ಕಂಡುಕೊಂಡರು. ಕೆಲವು ಕೇಂದ್ರಗಳಲ್ಲಿ ಸಮಯ ನಷ್ಟವಾಯಿತೆಂದು 1563 ಅಭ್ಯರ್ಥಿಗಳಿಗೆ ಕೃಪಾಂಕ ಕೊಟ್ಟದ್ದೇ ಆ ವಿಚಿತ್ರ ಅಂಕಗಳಿಗೆ ಕಾರಣವಾಗಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಕೃಪಾಂಕ ರದ್ದಾಯಿತು, ಅವರಿಗೆ ಮರುಪರೀಕ್ಷೆಯ ಅವಕಾಶ ಸಿಕ್ಕಿತು. ಪೂರ್ಣ ಅಂಕದವರ ಸಂಖ್ಯೆ 67ರಿಂದ 61ಕ್ಕೆ ಇಳಿಯಿತು.

ಜುಲೈ ಕೊನೆಯಲ್ಲಿ ಅದು 61ರಿಂದ 17ಕ್ಕೆ ಇಳಿಯಿತು. ಈ ಇಳಿತಕ್ಕೆ ಭೌತವಿಜ್ಞಾನದ ಒಂದೇ ಒಂದು ಪ್ರಶ್ನೆ ಕಾರಣ. ನಮ್ಮಂಥ ಪ್ರಶಿಕ್ಷಣಾರ್ಥಿಗಳು ಬಿಡಿಸಿ ನೋಡಬೇಕಾದ ಪ್ರಶ್ನೆ ಅದು.

ಎರಡು ಹೇಳಿಕೆಗಳನ್ನು ಕೊಟ್ಟು, ಯಾವುದು ಸರಿ, ಯಾವುದು ತಪ್ಪು ಎಂದು ಕೇಳಲಾಗಿತ್ತು. ಮೊದಲನೆಯದರ ತಾತ್ಪರ್ಯ: ಪರಮಾಣುವಿನಲ್ಲಿ ಧನ ಮತ್ತು ಋಣ ಆವೇಶಗಳು ಸಮವಾಗಿರುವುದರಿಂದ ಅದು ತಟಸ್ಥ. ಎರಡನೆಯದರ ತಾತ್ಪರ್ಯ: ಪ್ರತಿಯೊಂದು ಧಾತುವಿನ ಪರಮಾಣುಗಳೂ ಸ್ಥಿರವಾಗಿದ್ದು ತಮ್ಮದೇ ವಿಶಿಷ್ಟ ರೋಹಿತವನ್ನು ಹೊಮ್ಮಿಸುತ್ತವೆ. ಮೊದಲನೆಯದರಲ್ಲಿ ತಕರಾರಿಲ್ಲ. ಎರಡನೆಯದು ತಪ್ಪು, ಏಕೆಂದರೆ ವಿಕಿರಣಶೀಲ ಧಾತುಗಳ ಪರಮಾಣುಗಳು ಸ್ಥಿರವಲ್ಲ. ಆದರೆ ಹನ್ನೆರಡನೇ ತರಗತಿಯ ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಈ ಎರಡನೆಯ ಹೇಳಿಕೆ ಹಾಗೆಯೇ ಇತ್ತು, ಹೊಸ ಆವೃತ್ತಿಯಲ್ಲಿ ತಿದ್ದಲಾಗಿತ್ತು. ಹಳೆಯ ಪುಸ್ತಕ ಓದಿದವರಿಗೆ ಅನ್ಯಾಯವಾಗಬಾರದೆಂದು ಎರಡು ಉತ್ತರಗಳಿಗೂ ಅಂಕ ಕೊಡಲಾಗಿತ್ತು. ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ "ಎರಡೂ ಸರಿ" ಎಂದು ಬರೆದಿದ್ದರು. ಸುಪ್ರೀಂ ಕೋರ್ಟ್ ದೆಹಲಿ ಐಐಟಿಯ ತಜ್ಞರನ್ನು ಕೇಳಿತು. ಸರಿ ಉತ್ತರ ಒಂದೇ ಎಂದು ಅವರು ಹೇಳಿದರು. ಕೊಟ್ಟಿದ್ದ ನಾಲ್ಕು ಅಂಕ ಹೋಯಿತು, ತಪ್ಪಿಗೆ ಇನ್ನೊಂದು ಕಡಿತವಾಯಿತು. 44 ಮಂದಿ 720ರಿಂದ 715ಕ್ಕೆ ಬಂದರು.

ಆ 44 ಮಂದಿಗೆ ಜೂನ್ ತಿಂಗಳಲ್ಲಿ ಇದ್ದ ತಿಳಿವಳಿಕೆಯೇ ಜುಲೈ ಕೊನೆಯಲ್ಲೂ ಇತ್ತು. ಬದಲಾದದ್ದು ಉತ್ತರಸೂಚಿ ಮಾತ್ರ. ಅದೇ ವರ್ಷ ಪಟ್ನಾ ಮತ್ತು ಹಜಾರಿಬಾಗ್‌ಗಳಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾದದ್ದೂ ನ್ಯಾಯಾಲಯದ ಮುಂದೆ ದೃಢಪಟ್ಟಿತು. ಸೋರಿಕೆ ಇಡೀ ಪರೀಕ್ಷೆಯನ್ನು ಕೆಡಿಸಿದೆ ಎನ್ನಲು ಆಧಾರ ಸಾಲದೆಂದು ಎಲ್ಲರಿಗೂ ಮರುಪರೀಕ್ಷೆ ಮಾಡಿಸಲಿಲ್ಲ. ಆದರೆ ಪ್ರಾಮಾಣಿಕವಾಗಿ ಓದಿ 720 ತೆಗೆದ ಮಕ್ಕಳು ಆ ಎರಡು ತಿಂಗಳು ಅನುಮಾನದ ಕಣ್ಣುಗಳನ್ನು ಎದುರಿಸಬೇಕಾಯಿತು. ಪೂರ್ಣ ಅಂಕ ಬಂದದ್ದೇ ಅಪರಾಧವೆಂಬಂತಾಯಿತು.

ಮರುವರ್ಷ, 2025ರಲ್ಲಿ, ಆಯ್ಕೆ ಪ್ರಶ್ನೆಗಳನ್ನು ತೆಗೆದು 180 ಪ್ರಶ್ನೆಗಳಿಗೆ 180 ನಿಮಿಷ ಕೊಟ್ಟರು, ಪತ್ರಿಕೆಯೂ ಕಠಿಣವಾಗಿತ್ತು. ಇಡೀ ದೇಶದಲ್ಲಿ ಅತಿ ಹೆಚ್ಚು ಅಂಕ 686. ಒಬ್ಬರಿಗೂ 720 ಬರಲಿಲ್ಲ. ಒಂದೇ ವರ್ಷದಲ್ಲಿ ದೇಶದ ಜಾಣ ಮಕ್ಕಳೆಲ್ಲ ಮಂಕಾದರು ಎಂದು ಯಾರೂ ಹೇಳಲಾರರು. ಅಳತೆಗೋಲು ಉದ್ದವಾಯಿತು, ಅಷ್ಟೇ. ಹಿಂದಿನ ವರ್ಷದ ಗೋಲು ಎಷ್ಟೋ ಮಕ್ಕಳ ಎತ್ತರಕ್ಕಿಂತ ಗಿಡ್ಡವಾಗಿತ್ತು.

ನಮ್ಮ ಮೌಲ್ಯಮಾಪನ ಪತ್ರಿಕೆಯಲ್ಲಿ ಕಲಿಯುವ ಸೂತ್ರಗಳು ಇಲ್ಲಿ ಜೀವ ಪಡೆಯುತ್ತವೆ. ಹೆಚ್ಚು ಅಂಕ ಪಡೆದ ಶೇ. 27 ಮತ್ತು ಕಡಿಮೆ ಅಂಕ ಪಡೆದ ಶೇ. 27 ಮಕ್ಕಳನ್ನು ತೆಗೆದುಕೊಂಡು ಪ್ರತಿ ಪ್ರಶ್ನೆಯ ವಿಭೇದನ ಸೂಚ್ಯಂಕ ಕಂಡುಹಿಡಿಯುತ್ತೇವೆ. ಎಲ್ಲರೂ ಸರಿ ಬರೆದ ಪ್ರಶ್ನೆಯ ಸೂಚ್ಯಂಕ ಸೊನ್ನೆ. ನನ್ನ ಮೂವತ್ತೆಂಟು ಮಕ್ಕಳಲ್ಲಿ ಮೇಲಿನ ಹತ್ತು, ಕೆಳಗಿನ ಹತ್ತು ಉತ್ತರಪತ್ರಿಕೆಗಳನ್ನಿಟ್ಟು ಲೆಕ್ಕ ಹಾಕಿದೆ. ಮೇಲಿನ ಹತ್ತು ಮಂದಿಯನ್ನು ಕೆಳಗಿನ ಹತ್ತು ಮಂದಿಯಿಂದ ಬೇರ್ಪಡಿಸುವ ಪ್ರಶ್ನೆಗಳು ಪತ್ರಿಕೆಯಲ್ಲಿ ಚೆನ್ನಾಗಿಯೇ ಇದ್ದವು. ಘಟಕ ಪರೀಕ್ಷೆಯ ಉದ್ದೇಶವೂ ಅದೇ. ಆದರೆ 20 ಪಡೆದ ಮೂವರನ್ನು ಒಬ್ಬರಿಂದೊಬ್ಬರು ಬೇರ್ಪಡಿಸಿ ತೋರಿಸುವ ಪ್ರಶ್ನೆ ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಪೂರ್ಣ ಅಂಕ ಬಂದಿದೆ ಎಂದರೆ ನಮ್ಮ ಪ್ರಶ್ನೆಗಳು ಮುಗಿದಿವೆ ಎಂದು ಅರ್ಥ. ಮಗುವಿನ ಕಲಿಕೆ ಮುಗಿದಿದೆ ಎಂದಲ್ಲ.

'ಪರಮಾಣುವಿನ ರಚನೆ' ಘಟಕ ಮುಗಿದ ವಾರ, ವಿಜ್ಞಾನ ಸಂಘದ ಅವಧಿಯಲ್ಲಿ, ನೀಟ್‌ನ ಆ ಎರಡು ಹೇಳಿಕೆಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಅಂಕವಿಲ್ಲ ಎಂದು ಮೊದಲೇ ಹೇಳಿದೆ. ರೋಹಿತದ ಕಲ್ಪನೆ ಒಂಬತ್ತನೇ ತರಗತಿಗೆ ಹೊಸದು. ಅದಕ್ಕಾಗಿ ಸ್ಪಿರಿಟ್ ದೀಪದ ಜ್ವಾಲೆಗೆ ಒಂದು ಚಿಟಿಕೆ ಉಪ್ಪು ಉದುರಿಸಿ ಹಳದಿ ಬಣ್ಣ ತೋರಿಸಿದೆ. ಸೋಡಿಯಂನ ಗುರುತು ಅದು, ಒಂದೊಂದು ಧಾತುವಿಗೂ ಹೀಗೆ ತನ್ನದೇ ಬಣ್ಣಗಳ ಗುರುತು ಇರುತ್ತದೆ ಎಂದೆ. ಉಳಿದದ್ದೆಲ್ಲ ಅವರ ಪಠ್ಯದಲ್ಲೇ ಇತ್ತು.

ಆ ಹುಡುಗಿ ಕೂಡಲೇ ಕೈ ಎತ್ತಿ "ಎರಡೂ ಸರಿ ಮಿಸ್" ಎಂದಳು. ಏಕೆ ಎಂದೆ. "ಪರಮಾಣು ಸ್ಥಿರ ಅಂತ ಪುಸ್ತಕದಲ್ಲೇ ಇದೆ. ರುದರ್‌ಫೋರ್ಡ್ ಮಾದರಿಯ ದೋಷ ಅಂತ ಇದೆಯಲ್ಲ, ಅಲ್ಲಿ." ಅವಳು ಹೇಳಿದ್ದು ನಿಜವೇ. ಸುತ್ತುವ ಎಲೆಕ್ಟ್ರಾನ್ ಶಕ್ತಿ ಕಳೆದುಕೊಂಡು ಬೀಜಕೇಂದ್ರಕ್ಕೆ ಬೀಳಬೇಕಿತ್ತು, ಆದರೆ ಪರಮಾಣುಗಳು ಹಾಗೆ ಕುಸಿಯುವುದಿಲ್ಲ, ಅವು ಸ್ಥಿರ ಎಂಬ ವಿವರಣೆ ಅಲ್ಲಿದೆ. ತರಗತಿಯ ಬಹುಪಾಲು ಮಕ್ಕಳು ಅವಳ ಹಿಂದೆ ಹೋದರು. ಅವಳು ಹೇಳಿದ ಮೇಲೆ ಮುಗಿಯಿತು ಎಂಬುದು ಅಲ್ಲಿನ ವಾಡಿಕೆ.

ಆಗ ಹಿಂದಿನ ಬೆಂಚಿನಿಂದ, ಅದೇ ಪರೀಕ್ಷೆಯಲ್ಲಿ 9 ಅಂಕ ತೆಗೆದಿದ್ದ ಹುಡುಗನೊಬ್ಬ ಕೇಳಿದ: "ಮಿಸ್, ನಮ್ಮಜ್ಜಿಗೆ ಬೆಂಗಳೂರಲ್ಲಿ ಕರೆಂಟ್ ಕೊಟ್ರು. ಪುಸ್ತಕದಲ್ಲಿ ಕ್ಯಾನ್ಸರ್‌ಗೆ ಕೋಬಾಲ್ಟ್ ಅಂತ ಇದೆಯಲ್ಲ, ಅದೇನಾ? ಅದರಿಂದ ಏನೋ ಹೊರಗೆ ಬರಬೇಕಲ್ವಾ? ಇಲ್ಲದಿದ್ರೆ ಗಡ್ಡೆ ಹೇಗೆ ಸುಡುತ್ತೆ?"

ಸಮಸ್ಥಾನಿಗಳ ಉಪಯೋಗದ ಕೆಳಗೆ ಯುರೇನಿಯಂ, ಕೋಬಾಲ್ಟ್, ಅಯೋಡಿನ್ ಎಂಬ ಮೂರು ಸಾಲುಗಳನ್ನು ಎಲ್ಲರೂ ಬಾಯಿಪಾಠ ಮಾಡಿದ್ದರು. ಅದರೊಳಗೆ ಅಜ್ಜಿಯನ್ನು ಕಂಡವನು ಅವನೊಬ್ಬನೇ. ಈಗ ಅನೇಕ ಆಸ್ಪತ್ರೆಗಳಲ್ಲಿ ಬೇರೆ ಬಗೆಯ ಯಂತ್ರಗಳೂ ಇವೆ, ಆದರೆ ಕೋಬಾಲ್ಟ್-60ರಿಂದ ಹೊರಡುವ ಗಾಮಾ ಕಿರಣಗಳಿಂದ ಗಡ್ಡೆಗೆ ಚಿಕಿತ್ಸೆ ಕೊಡುವುದು ನಿಜ ಎಂದೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಅಷ್ಟು ಹೊರಗೆ ಬಂದ ಮೇಲೂ ಒಳಗಿರೋದು ಕೋಬಾಲ್ಟೇ ಆಗಿರುತ್ತಾ ಮಿಸ್?" ಎಂದಳು.

ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಇರುವುದಿಲ್ಲ, ಬೀಜಕೇಂದ್ರ ನಿಕ್ಕಲ್‌ನದಾಗಿ ಬದಲಾಗುತ್ತದೆ, ಸುಮಾರು ಐದೂಕಾಲು ವರ್ಷದಲ್ಲಿ ಅರ್ಧದಷ್ಟು ಹಾಗೆ ಬದಲಾಗಿರುತ್ತದೆ ಎಂದೆ. "ಹಾಗಾದ್ರೆ ಎರಡನೇದು ತಪ್ಪು" ಎಂದಳು. ಬರೆದಿದ್ದನ್ನು ಹೊಡೆದು ಹಾಕಲು ಪೆನ್ನು ಎತ್ತಿದವಳು ಮತ್ತೆ ನಿಲ್ಲಿಸಿದಳು. "ಆದ್ರೆ ಕೋಬಾಲ್ಟ್‌ನಲ್ಲಿ ಬೇರೆ ಸಮಸ್ಥಾನಿನೂ ಇರುತ್ತಲ್ಲ? ಅದೂ ಹಾಗೇನಾ?" ಪ್ರಕೃತಿಯಲ್ಲಿ ಸಿಗುವ ಕೋಬಾಲ್ಟ್-59 ಸ್ಥಿರ. ಆದರೆ ಯುರೇನಿಯಂಗೆ ಒಂದೂ ಸ್ಥಿರ ಸಮಸ್ಥಾನಿ ಇಲ್ಲ. ಇಷ್ಟು ಹೇಳಿದ ಮೇಲೆ ಮಕ್ಕಳೇ "ಪ್ರತಿಯೊಂದು" ಎಂಬ ಪದದ ಕೆಳಗೆ ಗೆರೆ ಎಳೆಸಿದರು. ಒಂದು ಯುರೇನಿಯಂ ಸಿಕ್ಕರೂ ಸಾಕು, ಆ ಪದ ಬೀಳುತ್ತದೆ.

ಅವಧಿ ಮುಗಿಯುವ ಮುನ್ನ ಅವಳೇ ಇನ್ನೊಂದು ಮಾತು ಹೇಳಿದಳು: "ರುದರ್‌ಫೋರ್ಡ್ ಪಾಠದಲ್ಲಿರೋ ಸ್ಥಿರ ಬೇರೆ, ಇದು ಬೇರೆ." ಅಲ್ಲಿ ಪ್ರಶ್ನೆ ಇದ್ದದ್ದು ಎಲೆಕ್ಟ್ರಾನ್ ಬೀಳುತ್ತದೆಯೇ ಎಂದು. ಇಲ್ಲಿ ಇರುವುದು ಬೀಜಕೇಂದ್ರ ಒಡೆಯುತ್ತದೆಯೇ ಎಂದು. ಪರಮಾಣು ಮಾದರಿಗಳ ಚರ್ಚೆಯ ನಡುವೆ ಓದಿದರೆ ಆ ಹಳೆಯ ಪಠ್ಯದ ಮಾತು ಒಪ್ಪುವಂಥದ್ದೇ. ಸಂದರ್ಭದಿಂದ ಕಿತ್ತು ಪ್ರಶ್ನೆಪತ್ರಿಕೆಯಲ್ಲಿ ಒಂಟಿಯಾಗಿ ನಿಲ್ಲಿಸಿದಾಗ ಅದರ ಅರ್ಥ ಹಿಗ್ಗಿ ತಪ್ಪಾಯಿತು. ಲಕ್ಷಾಂತರ ಮಕ್ಕಳ ಅಂಕ ಬದಲಾದದ್ದು ಈ ಹಿಗ್ಗಿನಿಂದ. ನಾವು ಪಾಠದಿಂದ ವಾಕ್ಯಗಳನ್ನು ಎತ್ತಿ "ಸರಿ ಅಥವಾ ತಪ್ಪು ಬರೆಯಿರಿ" ಎಂದು ಪ್ರಶ್ನೆ ಮಾಡುವಾಗಲೆಲ್ಲ ಇದನ್ನು ನೆನೆಯಬೇಕು. "ಎಲ್ಲ", "ಪ್ರತಿಯೊಂದು", "ಮಾತ್ರ", "ಯಾವಾಗಲೂ" ಎಂಬ ಪದಗಳಿದ್ದರೆ ಇನ್ನೂ ಒಮ್ಮೆ ನೋಡಬೇಕು.

ಹಳೆಯ ಪುಸ್ತಕದ ಮಾತನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಹತ್ತನೇ ತರಗತಿಯವರೆಗೆ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕ ಉಚಿತ. ಪಿಯುಸಿಗೆ ಬಂದರೆ ಕೊಳ್ಳಬೇಕು. ಅಕ್ಕನದೋ ಪಕ್ಕದ ಮನೆಯ ಅಣ್ಣನದೋ ಪುಸ್ತಕ, ಇಲ್ಲವೇ ಬೆಂಗಳೂರಿನ ಅವೆನ್ಯೂ ರಸ್ತೆಯ ಸೆಕೆಂಡ್ ಹ್ಯಾಂಡ್ ಪುಸ್ತಕ. ನಾನೂ ಹಾಗೆಯೇ ಓದಿದವಳು. ಈ ಹುಡುಗಿಯೂ ನಾಳೆ ಹಾಗೆಯೇ ಓದಬಹುದು. ಹಳೆಯ ಪುಸ್ತಕದ ಒಂದು ಸಾಲು ತನ್ನನ್ನು ತಪ್ಪುದಾರಿಗೆ ಎಳೆದಾಗ ಅದನ್ನು ಎದುರಿಸಿ ಕೇಳುವ ಅಭ್ಯಾಸ ಅವಳಿಗಿರಬೇಕು. ಆ ಅಭ್ಯಾಸ ಪೂರ್ಣ ಅಂಕದೊಂದಿಗೆ ತಾನಾಗಿ ಬರುವುದಿಲ್ಲ.

ಕೆಲವೊಮ್ಮೆ ಪೂರ್ಣ ಅಂಕವೇ ಅದಕ್ಕೆ ಅಡ್ಡ ಬರುತ್ತದೆ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದನೇ ತರಗತಿಯ ಮಕ್ಕಳು ಸಮಸ್ಯೆಗಳನ್ನು ಬಿಡಿಸಿದ ಮೇಲೆ ಕೆಲವರನ್ನು "ನೀನು ಜಾಣ" ಎಂಬರ್ಥದಲ್ಲಿಯೂ ಕೆಲವರನ್ನು "ಚೆನ್ನಾಗಿ ಶ್ರಮಪಟ್ಟೆ" ಎಂಬರ್ಥದಲ್ಲಿಯೂ ಹೊಗಳಲಾಯಿತು. ಜಾಣತನಕ್ಕೆ ಹೊಗಳಿಸಿಕೊಂಡ ಮಕ್ಕಳು ಮುಂದೆ ತಮ್ಮ ಜಾಣತನ ಉಳಿಯುವಂಥ ಕೆಲಸವನ್ನು ಆರಿಸಿಕೊಳ್ಳುವುದೇ ಹೆಚ್ಚಾಯಿತು. ಕಷ್ಟದ ಸಮಸ್ಯೆ ಎದುರಾದಾಗ ಅವರು ಬೇಗ ಕೈಬಿಟ್ಟರು. ಶಿಕ್ಷಣ ಮನೋವಿಜ್ಞಾನದ ನೋಟ್ಸಿನಲ್ಲಿ ಇದನ್ನು ಬರೆದುಕೊಂಡಾಗ ನನಗೆ ಅದು ದೂರದ ಸಂಗತಿ. ಈಗ ಅದಕ್ಕೆ ಮುಖ ಬಂದಿದೆ. 20ಕ್ಕೆ 19 ಬಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವುದು "ಆ ಒಂದು ಎಲ್ಲಿ ಹೋಯ್ತು?" ಎಂದು. ಹೀಗೆ ಕೇಳಿಸಿಕೊಂಡು ಬೆಳೆದ ಮಗು ತನಗೆ ಗೊತ್ತಿಲ್ಲದ್ದನ್ನು ನಾಲ್ಕು ಜನರ ಮುಂದೆ ಏಕೆ ಕೇಳೀತು?

ಮುಂದಿನ ಮೂರು ವಾರ ನಾನು ಮಾಡಿದ್ದು ದೊಡ್ಡದೇನಲ್ಲ. ಆದರೂ ಸಹ ಪ್ರಶಿಕ್ಷಣಾರ್ಥಿಗಳು ತಮ್ಮ ತರಗತಿಗೆ ಹೊಂದಿಸಿಕೊಳ್ಳಬಹುದಾದದ್ದರಿಂದ ಬರೆಯುತ್ತಿದ್ದೇನೆ. ಪ್ರತಿ ಘಟಕ ಪರೀಕ್ಷೆಯ ಕೊನೆಗೆ ಅಂಕವಿಲ್ಲದ ಒಂದು ಪ್ರಶ್ನೆ ಇಟ್ಟೆ: ಈ ಪಾಠದಲ್ಲಿ ನಿನಗೆ ಪೂರ್ತಿ ನಂಬಿಕೆ ಬರದ ಒಂದು ಮಾತು ಯಾವುದು, ಏಕೆ? ಉತ್ತರ ಸರಿ ಬಂದಾಗಲೂ "ಹೌದು" ಎಂದು ಮುಂದೆ ಹೋಗದೆ "ಅದು ಹೇಗೆ ಗೊತ್ತು?" ಎಂದು ಕೇಳಿದೆ. ಮೊದಮೊದಲು ಮಕ್ಕಳು ತಮ್ಮ ಉತ್ತರ ತಪ್ಪೆಂದೇ ಭಾವಿಸಿ ಬದಲಿಸುತ್ತಿದ್ದರು. ಎರಡನೇ ವಾರದ ಹೊತ್ತಿಗೆ ಕಾರಣ ಹೇಳತೊಡಗಿದರು. ಪೂರ್ಣ ಅಂಕದ ಮೂವರಿಗೆ ಇನ್ನೊಂದು ಕೆಲಸ ಕೊಟ್ಟೆ. ಕಲಿತ ಘಟಕದ ಮೇಲೆ ಅವರೇ ಐದು ಪ್ರಶ್ನೆ ತಯಾರಿಸಬೇಕು, ಒಂದೊಂದಕ್ಕೂ ತಪ್ಪು ಆಯ್ಕೆಗಳನ್ನು ಬರೆದು, ಯಾವ ಮಗು ಯಾವ ಯೋಚನೆಯಿಂದ ಆ ತಪ್ಪನ್ನು ಆರಿಸಬಹುದು ಎಂದೂ ಬರೆಯಬೇಕು. ಇದಕ್ಕೆ ಅವರು ಉಳಿದ ಮಕ್ಕಳೊಂದಿಗೆ ಕುಳಿತು ಮಾತನಾಡಲೇಬೇಕಾಯಿತು. ಹುಡುಗಿ ಹಿಂದಿನ ಬೆಂಚಿನ ಆ ಹುಡುಗನನ್ನು ತನ್ನ ಗುಂಪಿಗೆ ಕೇಳಿ ಸೇರಿಸಿಕೊಂಡಳು. ಅವನಿಂದ ತನಗೆ ಪ್ರಶ್ನೆ ಸಿಗುತ್ತದೆ ಎಂಬುದು ಅವಳ ಲೆಕ್ಕ. ಅವನೂ ಮುಂದಿನ ಪರೀಕ್ಷೆಯಲ್ಲಿ 13 ತೆಗೆದ.

ನನ್ನ ಕೊನೆಯ ಘಟಕ ಪರೀಕ್ಷೆಯಲ್ಲೂ ಆ ಹುಡುಗಿಗೆ 20ಕ್ಕೆ 20. ಅಂಕವಿಲ್ಲದ ಪ್ರಶ್ನೆಗೆ ಅವಳು ಬರೆದಿದ್ದು ಹೀಗೆ: "ಕೋಬಾಲ್ಟ್-60ರ ಒಂದು ಪರಮಾಣು ಇವತ್ತು ಒಡೆಯುತ್ತೆ, ಪಕ್ಕದ್ದು ಇಪ್ಪತ್ತು ವರ್ಷ ಆದ್ರೂ ಒಡೆಯಲ್ಲ. ಎರಡೂ ಒಂದೇ ಥರ ಇದ್ರೆ ಯಾವುದು ಮೊದಲು ಅಂತ ಹೇಗೆ ನಿರ್ಧಾರ ಆಗುತ್ತೆ?" ಆಧುನಿಕ ಭೌತವಿಜ್ಞಾನದ ಬುಡಕ್ಕೇ ಕೈ ಹಾಕುವ ಪ್ರಶ್ನೆ ಇದು. ಯಾವ ಪರಮಾಣು ಯಾವಾಗ ಎಂದು ಮೊದಲೇ ಹೇಳಲು ಬರುವುದಿಲ್ಲ, ಸಂಭವನೀಯತೆಯನ್ನಷ್ಟೇ ಹೇಳಬಹುದು. ಮೂವತ್ತೆಂಟು ನಾಣ್ಯಗಳನ್ನು ಮಕ್ಕಳ ಕೈಗೆ ಕೊಟ್ಟು, ಚಿಮ್ಮಿಸಿ, ತಲೆ ಬಿದ್ದವರು ಕುಳಿತುಕೊಳ್ಳಿ, ಉಳಿದವರು ಮತ್ತೆ ಚಿಮ್ಮಿಸಿ ಎಂದು ಮಾಡಿಸಿದೆ. ಪ್ರತಿ ಸುತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಕುಳಿತರು. ಯಾರು ಕೂರುತ್ತಾರೆಂದು ಯಾರಿಗೂ ಮೊದಲೇ ಹೇಳಲಾಗಲಿಲ್ಲ. ಕೊನೆಯವರೆಗೂ ನಿಂತಿದ್ದವರು ಇಬ್ಬರು.

ದಾಖಲೆ ಪುಸ್ತಕದ ವಿಶ್ಲೇಷಣೆಯ ಪುಟದಲ್ಲಿ ಪೂರ್ಣ ಅಂಕದವರಿಗೂ ಎರಡು ಕಾಲಂ ಸೇರಿಸಬೇಕೆಂದು ನಮ್ಮ ವಿಭಾಗದ ಸಭೆಯಲ್ಲಿ ಕೇಳಿಕೊಂಡಿದ್ದೇನೆ. ಒಂದು, ಆ ಮಗು ಕೇಳಿದ ಪ್ರಶ್ನೆ. ಇನ್ನೊಂದು, ಅದಕ್ಕಾಗಿ ಶಿಕ್ಷಕರು ಕೈಗೊಂಡ ಕ್ರಮ. ಮುಂದಿನ ತಂಡದ ದಾಖಲೆ ಪುಸ್ತಕ ಅಚ್ಚಾಗುವ ಮೊದಲು ಉಳಿದ ಪ್ರಶಿಕ್ಷಣಾರ್ಥಿಗಳೂ ಬೋಧಕರೂ ತಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರ.